ಕಪ್ಪು ಕಾರು, ಹಳೇ ಬನಿಯನ್, ಒಂದು ಬಾಟಲಿ ಕಾಂಪೌಂಡ್

ಕಪ್ಪು ಕಾರು ಬೇಡ ಅಂತ ಮನೆಯಲ್ಲಿ ಇಬ್ಬರೂ ಹೇಳಿದ್ದರು. ಅಮ್ಮನಿಗೆ ಶನಿಯ ಭಯ, ಹೆಂಡತಿಗೆ ಧೂಳಿನ ಚಿಂತೆ. ಇಬ್ಬರ ಮಾತೂ ಕೇಳದೆ ಆರು ವರ್ಷ ಓಡಿದ್ದ ಕಪ್ಪು ಸೆಡಾನ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದೆ. ಶನಿಯ ವಿಷಯ ನನಗೆ ಗೊತ್ತಿಲ್ಲ. ಧೂಳಿನ ವಿಷಯದಲ್ಲಿ ಮಾತ್ರ ಹೆಂಡತಿಯೇ ಗೆದ್ದಳು.

ನಮ್ಮ ಮನೆ ತುಮಕೂರಿನಲ್ಲಿ. ತಿಂಗಳಿಗೆ ಎರಡು ಸಲ ಶಿರಾ ಕಡೆಯ ನಮ್ಮೂರಿಗೆ ಹೋಗಿ ಬರುತ್ತೇವೆ. ಸುಗ್ಗಿ ಬಂತೆಂದರೆ ಆ ರಸ್ತೆ ರಸ್ತೆಯಾಗಿ ಇರುವುದಿಲ್ಲ, ಕಣ ಆಗಿರುತ್ತದೆ. ಹುರುಳಿ, ರಾಗಿ ಹುಲ್ಲು ಎಲ್ಲ ಟಾರಿನ ಮೇಲೆ ಹರಡಿರುತ್ತಾರೆ. ಅದರ ಹೊಟ್ಟು, ಧೂಳು ಎಲ್ಲ ಕಾರಿನ ಮೇಲೆ ಕೂರುತ್ತದೆ. ದಿನಾ ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಒಂದು ಹಳೇ ಬನಿಯನ್ ತಗೊಂಡು ಆ ಒಣ ಧೂಳನ್ನು ಗಸಗಸ ಒರೆಸುತ್ತಿದ್ದೆ. ಫಳಫಳ ಹೊಳೆಯುತ್ತಿತ್ತು. ಕಾರು ಅಂದರೆ ಹೀಗೆ ಇಟ್ಟುಕೊಳ್ಳಬೇಕು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಒಂದು ರಾತ್ರಿ ಪೆಟ್ರೋಲ್ ಬಂಕ್‌ನಲ್ಲಿ ಎಲ್‌ಇಡಿ ದೀಪದ ಕೆಳಗೆ ನಿಲ್ಲಿಸಿದಾಗ ಬಂಡವಾಳ ಬಯಲಾಯಿತು. ಬಾನೆಟ್ ತುಂಬಾ ಜೇಡರ ಬಲೆ! ದೀಪ ಎಲ್ಲಿ ಕಾಣುತ್ತದೋ ಅದರ ಸುತ್ತ ಸುತ್ತು ಸುತ್ತಾಗಿ ಸಣ್ಣ ಗೀರುಗಳು. ಕಾರಿನ ಬಣ್ಣಕ್ಕೆ ಹೊಳಪು ಕೊಡುವ ಡಿಟೇಲಿಂಗ್ ಕೆಲಸದವರು ಇದಕ್ಕೆ ಸ್ವರ್ಲ್ ಮಾರ್ಕ್ ಅನ್ನುತ್ತಾರೆ. ನಿಮ್ಮ ಅಡುಗೆಮನೆಯಲ್ಲಿರುವ ಹಳೇ ಸ್ಟೀಲ್ ತಟ್ಟೆಯನ್ನು ಬಲ್ಬ್ ಕೆಳಗೆ ಹಿಡಿದು ನೋಡಿ, ಅದೇ ಕಾಣುತ್ತದೆ. ತಟ್ಟೆ ಅಲ್ಲಾಡಿಸಿದರೆ ಸುತ್ತುಗಳೂ ಬಲ್ಬಿನ ಜೊತೆಗೇ ಓಡಾಡುತ್ತವೆ. ನಿಜಕ್ಕೂ ಗೀರುಗಳು ಸುತ್ತಾಗಿ ಇರುವುದಿಲ್ಲ. ಎಲ್ಲ ದಿಕ್ಕಿಗೂ ಇರುತ್ತವೆ. ಬೆಳಕಿಗೆ ಅಡ್ಡ ಬಂದವು ಮಾತ್ರ ಮಿನುಗುತ್ತವೆ. ಬಿಳಿ ಕಾರಿನ ಮೇಲೂ ಇಷ್ಟೇ ಗೀರು ಇರುತ್ತವೆ, ಕಾಣುವುದಿಲ್ಲ ಅಷ್ಟೇ.

ಒಂದು ಡಿಟೇಲಿಂಗ್ ಅಂಗಡಿಯಲ್ಲಿ ಕೇಳಿದೆ. ಮೂರು ಸ್ಟೇಜ್ ಪಾಲಿಶ್, ಅದರ ಮೇಲೆ ಸೆರಾಮಿಕ್ ಕೋಟಿಂಗ್ ಅನ್ನುವ ರಕ್ಷಣೆಯ ಲೇಪ, ಎಲ್ಲ ಸೇರಿ ಇಪ್ಪತ್ತೆರಡು ಸಾವಿರ ಅಂದರು. ‘9ಎಚ್ ಸಾರ್, ಇನ್ನು ಗೀರೇ ಬೀಳಲ್ಲ.’ ನನಗೆ ಅಲ್ಲೇ ಅನುಮಾನ ಬಂತು. ಆ 9ಎಚ್ ಅನ್ನೋದು ಪೆನ್ಸಿಲ್ ಗಟ್ಟಿತನದ ಲೆಕ್ಕ. ಪೆನ್ಸಿಲ್ ಮೊನೆಯಿಂದ ಗೀಚಿ ನೋಡುವ ಪರೀಕ್ಷೆ ಅದು. ರಸ್ತೆಯ ಮರಳಿಗೆ ಪೆನ್ಸಿಲ್ ಯಾವ ಲೆಕ್ಕ? ಕೋಟಿಂಗ್ ಮಾಡಿಸಿದರೆ ನೀರು ನಿಲ್ಲುವುದಿಲ್ಲ, ತೊಳೆಯುವುದು ಸುಲಭ, ಸರಿ. ಗೀರೇ ಬೀಳಲ್ಲ ಅನ್ನುವುದನ್ನು ನಂಬಲಾಗಲಿಲ್ಲ. ಇನ್ನೊಂದು ವಿಷಯ, ಅದೇ ಊರಿನ ಬೇರೊಂದು ಕಡೆ ನನ್ನ ಗೆಳೆಯ ಪಾಲಿಶ್ ಮಾಡಿಸಿದ್ದ. ರೋಟರಿ ಮಿಷನ್ ಓಡಿಸಿದ ಹಾದಿ ಬಿಸಿಲಲ್ಲಿ ಬಾಗಿಲ ಮೇಲೆಲ್ಲ ಮೋಡದ ಪಟ್ಟಿಯ ಹಾಗೆ ಕಾಣುತ್ತಿತ್ತು.

ಹಾಗಾಗಿ ನಾನೇ ಮಾಡೋಣ ಅಂತ ಇಳಿದೆ. ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಗೀರು ತೆಗೆಯುವ ಮೆಗ್ವಾಯರ್ಸ್ ಅಲ್ಟಿಮೇಟ್ ಕಾಂಪೌಂಡ್ ಬಾಟಲಿ ಒಂದನ್ನು ತಂದೆ. 450 ಎಂಎಲ್, ಎರಡು ಸಾವಿರದೊಳಗೆ ಬಂತು. 1901ರಲ್ಲಿ ಮರದ ಸಾಮಾನಿಗೆ ಪಾಲಿಶ್ ಮಾಡುತ್ತಾ ಶುರುವಾದ ಅಮೆರಿಕದ ಕಂಪನಿ ಇದು. 2008ರಿಂದ 3ಎಂ ಕೈಯಲ್ಲಿದೆ. ಜೊತೆಗೆ ಇದೇ ಕಂಪನಿಯ, ಕಾಂಪೌಂಡಿಗಿಂತ ನಯವಾದ ಅಲ್ಟಿಮೇಟ್ ಪಾಲಿಶ್, ಅಂಟಿದ ಕೊಳೆ ಎತ್ತುವ ಜೇಡಿಮಣ್ಣಿನಂಥ ಮುದ್ದೆ ಕ್ಲೇ ಬಾರ್, ಮೈಕ್ರೋಫೈಬರ್ ಬಟ್ಟೆ, ಪಾಲಿಶ್ ತಾಗಬಾರದ ಜಾಗ ಮುಚ್ಚಲು ಮಾಸ್ಕಿಂಗ್ ಟೇಪು. ಡ್ಯುಯಲ್ ಆಕ್ಷನ್ ಪಾಲಿಶರ್ ಆನ್‌ಲೈನ್‌ನಲ್ಲಿ ತರಿಸಿದೆ, ಸುಮಾರು ಏಳು ಸಾವಿರ. ಅದರ ಮುಂದಿರುವ ಉಜ್ಜುವ ಪ್ಯಾಡ್, ರೋಟರಿಯ ಹಾಗೆ, ಗಾಲಿಯಂತೆ ಒಂದೇ ಜಾಗದಲ್ಲಿ ಸುತ್ತುವುದಿಲ್ಲ. ಓಲಾಡುವ ಬುಗುರಿಯಂತೆ ತಿರುಗುತ್ತಾ ಅತ್ತಿತ್ತ ಹೊಯ್ದಾಡುತ್ತದೆ. ಅದಕ್ಕೇ ಬಣ್ಣ ಬಿಸಿಯಾಗಿ ಸುಡುವ ಭಯ ಕಡಿಮೆ. ಹೊಸಬರ ಕೈಗೆ ರೋಟರಿ ಕೊಡಬಾರದು, ಇದನ್ನು ಕೊಡಬಹುದು.

ಮೊದಲು ಕಾರು ತೊಳೆದೆ. ಆಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಸವರಿದೆ. ರವೆ ಚೆಲ್ಲಿದ ಹಾಗೆ ತರಿತರಿ. ಬರೀ ಕೈಗೆ ಇದು ಇಷ್ಟು ಗೊತ್ತಾಗುವುದಿಲ್ಲ. ಬಣ್ಣಕ್ಕೆ ಅಂಟಿಕೊಂಡ ಬ್ರೇಕ್ ಪುಡಿ, ಟಾರಿನ ಚೂರು ಎಲ್ಲ ಅದು. ಶಾಂಪೂ ನೀರು ಚಿಮುಕಿಸಿಕೊಂಡು ಕ್ಲೇ ಉಜ್ಜಿದರೆ ಬರುತ್ತದೆ. ಕ್ಲೇ ಕೈ ಜಾರಿ ನೆಲಕ್ಕೆ ಬಿದ್ದರೆ ಆ ತುಂಡು ಬಿಸಾಡಿ. ನಾನು ಒಂದನ್ನು ಬಿಸಾಡಿದೆ, ಹೊಟ್ಟೆ ಉರಿಯಿತು.

ಕಾಂಪೌಂಡ್ ಮಾಡುವ ಕೆಲಸ ಏನು ಅಂತ ತಿಳಿದ ಮೇಲೆ ನನಗೆ ಸ್ವಲ್ಪ ಹೆದರಿಕೆಯೇ ಆಯಿತು. ಅದು ಗೀರನ್ನು ತುಂಬುವುದಿಲ್ಲ. ಗುಂಡಿ ಮುಚ್ಚಲು ಮಣ್ಣಿಲ್ಲ ಅಂತ ಸುತ್ತಲ ನೆಲವನ್ನೇ ಗುಂಡಿಯ ಮಟ್ಟಕ್ಕೆ ಕೆರೆದ ಹಾಗೆ, ಗೀರಿನ ಅಕ್ಕಪಕ್ಕದ ಕ್ಲಿಯರ್ ಕೋಟ್ ಅನ್ನು ಸವೆಸುತ್ತದೆ. ಈ ಕ್ಲಿಯರ್ ಕೋಟ್ ಅನ್ನುವ, ಬಣ್ಣದ ಮೇಲಿನ ಪಾರದರ್ಶಕ ಪದರ ಸಾಮಾನ್ಯವಾಗಿ 40-50 ಮೈಕ್ರಾನ್ ಅಷ್ಟೇ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಅಂದರೆ ಕೂದಲಿಗಿಂತ ತೆಳ್ಳಗಿನ ಗಂಟು ಅದು. ಒಂದು ಸಲ ಖರ್ಚು ಮಾಡಿದರೆ ವಾಪಸ್ ಬರುವುದಿಲ್ಲ. ಪ್ರತಿ ಹಬ್ಬಕ್ಕೂ ಕಾಂಪೌಂಡ್ ಹಾಕುತ್ತೇನೆ ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಿ.

ಮೊದಲ ಭಾನುವಾರ ಕೈಯಲ್ಲೇ ಉಜ್ಜಿ ನೋಡಿದೆ. ಗೀರು ಕಡಿಮೆಯಾಯಿತು, ಸುಳ್ಳಲ್ಲ. ಬಾಗಿಲ ಹಿಡಿಕೆಯ ಹಿಂದೆ ಉಗುರಿನಿಂದ ಆದ ಗುರುತುಗಳು ಕೈಯಲ್ಲೇ ಹೋದವು. ಆದರೆ ಅರ್ಧ ಬಾನೆಟ್ ಮುಗಿಸುವಷ್ಟರಲ್ಲಿ ಹೆಗಲು ಬಿದ್ದುಹೋಯಿತು.

ಎರಡನೇ ಭಾನುವಾರ ಮಿಷನ್. ಬಾನೆಟ್‌ನ ಉಳಿದರ್ಧದ ನಡುವೆ ಟೇಪು ಅಂಟಿಸಿ ಒಂದು ಕಡೆ ಮಾತ್ರ ಮಾಡಿ ನೋಡೋಣ ಅಂದುಕೊಂಡೆ. ಪ್ಯಾಡಿನ ಮೇಲೆ ಕಾಂಪೌಂಡ್ ಹಾಕಿ, ಪ್ಯಾಡ್ ಇನ್ನೂ ಗಾಳಿಯಲ್ಲಿ ಇರುವಾಗಲೇ ಸ್ವಿಚ್ ಒತ್ತಿದೆ. ಮುಚ್ಚಳ ಹಾಕದೆ ಚಟ್ನಿಗೆ ಮಿಕ್ಸಿ ತಿರುಗಿಸಿದ್ದೀರಾ? ಹಾಗಾಯಿತು. ಗೋಡೆ, ಲುಂಗಿ, ಕನ್ನಡಕ, ಪಕ್ಕದಲ್ಲಿ ನಿಂತಿದ್ದ ಸ್ಕೂಟಿ. ಹೆಂಡತಿ ಕಿಟಕಿಯಿಂದ ನೋಡಿ, ‘ರೀ, ಗೋಡೆಗೂ ಪಾಲಿಶ್ ಇದೆಯಾ?’ ಅಂದಳು. ಪ್ಯಾಡ್ ಬಣ್ಣಕ್ಕೆ ತಾಗಿಸಿಟ್ಟು ಆಮೇಲೆ ಸ್ವಿಚ್ ಒತ್ತಬೇಕು. ಬಟಾಣಿ ಗಾತ್ರದ ನಾಲ್ಕು ಹನಿ ಸಾಕು. ಎರಡಡಿ ಅಗಲ, ಎರಡಡಿ ಉದ್ದದ ಜಾಗ ಹಿಡಿದು, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ನಿಧಾನವಾಗಿ ಓಡಿಸಬೇಕು. ನೆರಳು ಇರಬೇಕು, ತಗಡು ತಣ್ಣಗಿರಬೇಕು. ಪ್ಯಾಡಿನ ಹಿಂಬದಿಯ ಪ್ಲೇಟ್ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಎಳೆದುಕೊಳ್ಳಿ. ಜಾಸ್ತಿ ಒತ್ತಿದರೆ ಪ್ಯಾಡ್ ತಿರುಗುವುದೇ ನಿಲ್ಲುತ್ತದೆ, ಬರೀ ನಡುಗುತ್ತದೆ. ಆ ಗೆರೆ ಇದ್ದರೆ ಅದು ತಕ್ಷಣ ಗೊತ್ತಾಗುತ್ತದೆ.

ಟೇಪು ಕಿತ್ತು ಮೊಬೈಲ್ ಟಾರ್ಚ್ ಬಿಟ್ಟೆ. ಒಂದು ಕಡೆ ಜೇಡರ ಬಲೆ, ಇನ್ನೊಂದು ಕಡೆ ರಾತ್ರಿಯ ಬಾವಿ ನೀರು. ನಡುವೆ ಗೆರೆ ಕೊರೆದ ಹಾಗೆ. ಅಲ್ಲಿಗೆ ಬಾಟಲಿಯ ದುಡ್ಡು ವಸೂಲಿ ಆಯಿತು ಅನ್ನಿಸಿತು.

ಖುಷಿ ಸ್ವಲ್ಪ ಹೊತ್ತು ಮಾತ್ರ. ಮೆಡಿಕಲ್ ಶಾಪ್‌ನಿಂದ ತಂದ ಐಸೋಪ್ರೊಪೈಲ್ ಆಲ್ಕೋಹಾಲನ್ನು ನೀರಿಗೆ ಬೆರೆಸಿ ಆ ಜಾಗ ಒರೆಸಿದೆ. ಕಾಂಪೌಂಡಿನ ಎಣ್ಣೆ ಅಂಶ ಗೀರಿನಲ್ಲಿ ಕೂತು ಕಣ್ಣಿಗೆ ಮೋಸ ಮಾಡಬಹುದು, ಅದನ್ನು ತೆಗೆದು ನೋಡಬೇಕು. ನೋಡಿದರೆ ಅಲ್ಲಲ್ಲಿ ನಾಲ್ಕಾರು ಗೀರು ವಾಪಸ್ ಬಂದಿದ್ದವು. ಜೊತೆಗೆ ಗಟ್ಟಿ ಪ್ಯಾಡಿನಿಂದ ಆದ ಮಂಜಿನಂಥ ಮಬ್ಬು. ಬಿಳಿ ಕಾರಿನವರು ಇಲ್ಲಿಗೆ ನಿಲ್ಲಿಸಬಹುದು. ಕಪ್ಪು ಕಾರಿನವರಿಗೆ ಆ ಭಾಗ್ಯ ಇಲ್ಲ. ಮೆತ್ತನೆ ಪ್ಯಾಡ್, ಅಲ್ಟಿಮೇಟ್ ಪಾಲಿಶ್, ಹಗುರ ಕೈ, ಎಲ್ಲ ಮತ್ತೊಂದು ಸುತ್ತು. ಮಬ್ಬು ಹೋದ ಮೇಲೆಯೇ ಕಪ್ಪು ಕಪ್ಪಾಗಿ ಕಂಡಿದ್ದು. ಅಂಗಡಿಯವರು ಎರಡು, ಮೂರು ಸ್ಟೇಜ್ ಅನ್ನುವುದು ಸುಮ್ನೆ ಬಿಲ್ ಏರಿಸಲು ಅಲ್ಲ ಅಂತ ಆಗ ಅರ್ಥವಾಯಿತು. ಅವರಿಗೆ ನ್ಯಾಯವಾಗಿ ಇದನ್ನು ಹೇಳಲೇಬೇಕು.

ಮಧ್ಯೆ ಕರೆಂಟ್ ಹೋಯಿತು. ಬಲಗಡೆ ಬಾಗಿಲು ಅರ್ಧ ಹೊಳೆಯುತ್ತಾ ಅರ್ಧ ಮಂಕಾಗಿ ಒಂದು ವಾರ ತುಮಕೂರು ತಿರುಗಿತು. ಇಡೀ ಕಾರಿಗೆ ನನಗೆ ಹಿಡಿದದ್ದು ನಾಲ್ಕು ಭಾನುವಾರ. ಬಾಟಲಿಯಲ್ಲಿ ಇನ್ನೂ ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಟೇಪು ಹಾಕಲು ಸೋಮಾರಿತನ ಮಾಡಿದ ಒಂದೇ ಜಾಗ ಕನ್ನಡಿಯ ಕೆಳಗಿನ ಕಪ್ಪು ಪ್ಲಾಸ್ಟಿಕ್. ಅಲ್ಲಿ ಕಾಂಪೌಂಡ್ ಒಣಗಿ ಬಿಳಿ ಕಲೆ ಕೂತಿದೆ. ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿದರೂ ಪೂರ್ತಿ ಹೋಗಿಲ್ಲ.

ಹೋಗದೇ ಉಳಿದದ್ದು ಇನ್ನೊಂದಿದೆ. ಎಡಗಡೆ ಹಿಂದಿನ ಬಾಗಿಲಿನ ಮೇಲೆ ನಮ್ಮೂರ ದಾರಿಯ ಜಾಲಿ ಮುಳ್ಳು ಎಳೆದ ಉದ್ದ ಗೀರು. ಅದರ ಮೇಲೆ ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೆ. ಉಗುರು ಸಿಕ್ಕಿಕೊಳ್ಳುವ ಗೀರಿಗೆ ಕಾಂಪೌಂಡ್ ಮದ್ದಲ್ಲ. ಅದನ್ನು ತೆಗೆಯಲು ಹೊರಟರೆ ಗೀರಿಗಿಂತ ಮುಂಚೆ ಕ್ಲಿಯರ್ ಕೋಟೇ ಮುಗಿಯುತ್ತದೆ. ಅಂಚು ಸ್ವಲ್ಪ ಮೊಂಡಾಗಿ, ದೂರಕ್ಕೆ ಕಾಣದಷ್ಟು ಆಗಿದೆ. ಅಷ್ಟಕ್ಕೆ ಬಿಟ್ಟೆ. ಟೂತ್‌ಪೇಸ್ಟ್ ಹಚ್ಚು, ಕೊಬ್ಬರಿ ಎಣ್ಣೆ ಹಚ್ಚು ಅಂತ ಸಲಹೆ ಕೊಟ್ಟವರು ಬಹಳ ಜನ. ಎಣ್ಣೆ ಹಚ್ಚಿದರೆ ಗೀರು ಮಾಯವಾಗುತ್ತದೆ, ಮುಂದಿನ ಮಳೆವರೆಗೆ.

ಸಣ್ಣ ಗೀರಿಗೆ ಈ ಕಾಂಪೌಂಡ್ ಕಣ್ಣು ಮುಚ್ಚಿ ತಗೊಳ್ಳಬಹುದು. ಮಿಷನ್ ಕೊಳ್ಳುವುದು ನಿಮ್ಮ ಭಾನುವಾರಗಳ ಮೇಲೆ ಹೋಗುತ್ತದೆ. ಮನೆಯಲ್ಲಿ ನೆರಳಿರುವ ಪೋರ್ಟಿಕೋ ಇಲ್ಲದಿದ್ದರೆ ಒಳ್ಳೆಯ ಅಂಗಡಿಗೇ ಕೊಡಿ, ಆದರೆ ಅವರು ಮಾಡಿದ ಬೇರೆ ಕಪ್ಪು ಕಾರನ್ನು ಟಾರ್ಚ್ ಹಿಡಿದು ನೋಡಿದ ಮೇಲೆ. ಬನಿಯನ್ ಈಗ ಮನೆ ನೆಲ ಒರೆಸುವುದಕ್ಕೆ ಬಡ್ತಿ ಪಡೆದಿದೆ. ಒಣ ಧೂಳಿಗೆ ಈಗ ಮೊದಲು ನೀರು, ಆಮೇಲೆ ಎರಡು ಬಕೆಟ್: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ನಮ್ಮದು ಬೋರ್‌ವೆಲ್ ನೀರು, ಬಿಸಿಲಲ್ಲಿ ಒಣಗಿದರೆ ಸುಣ್ಣದ ಬಿಳಿ ಚುಕ್ಕೆ ಬೀಳುತ್ತದೆ. ಅದಕ್ಕೇ ಬೆಳಿಗ್ಗೆ ಏಳಕ್ಕೆ ಮುಂಚೆಯೇ ತೊಳೆದು ಮುಗಿಸುತ್ತೇನೆ.

ಆಯುಧಪೂಜೆ ಹತ್ತಿರ ಬಂತು. ಹೋದ ವರ್ಷ ಅಮ್ಮ ಬಾನೆಟ್ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದು ಕುಂಕುಮ ಇಟ್ಟಿದ್ದಳು. ಮಾರನೇ ದಿನ ನಾನು ಅದನ್ನು ಒಣ ಬಟ್ಟೆಯಲ್ಲೇ ಉಜ್ಜಿ ತೆಗೆದಿದ್ದೆ. ಹಾಗಾಗಿ ಮೊನ್ನೆ ನಿಧಾನವಾಗಿ ಕೇಳಿದೆ, ‘ಅಮ್ಮಾ, ಈ ಸಲ ವಿಭೂತಿ ಗ್ಲಾಸ್ ಮೇಲೆ ಹಚ್ಚೋಣ್ವಾ?’

ಅಮ್ಮ ಬತ್ತಿ ಹೊಸೆಯುತ್ತಿದ್ದಳು. ತಲೆ ಎತ್ತಲಿಲ್ಲ. ‘ನಾನು ಬಾನೆಟ್ ಮೇಲೇ ಹಚ್ಚೋದು. ನಿನ್ನ ಹತ್ರ ಮಿಷನ್ ಇದ್ಯಲ್ಲ, ಉಜ್ಕೋ.’