ಬಿದ್ದ ವಿಮಾನದ ಜಾಗಕ್ಕೆ ಯಾವುದು? ಬೆನ್ನ ಮೇಲೆ ಮೋಟರ್ ಇರುವ ಫೋಮ್ ಟ್ರೈನರ್ ತಂದು ಹಾರಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನಾವು ತಂದದ್ದು 1.4 ಮೀಟರ್ ರೆಕ್ಕೆಯ ಫೋಮ್ ಟ್ರೈನರ್, ಅಂದ್ರೆ ಹಾರಿಸೋದು ಕಲಿಯುವವರಿಗೆ ಅಂತ ಮಾಡಿದ ರಿಮೋಟ್ ವಿಮಾನ. ಮೋಟರ್ ಬೆನ್ನ ಮೇಲೆ, ರೆಕ್ಕೆ ಬಿಚ್ಚಿ ಇಡಬಹುದು, ಚಕ್ರ ಇಲ್ಲ. ನಾಳೆ ಇದೂ ಪುಡಿಯಾದರೆ ಮತ್ತೆ ಇದೇ ಜಾತಿಯದ್ದನ್ನೇ ತರುತ್ತೇವೆ. ಆದರೆ ಎಲ್ಲರಿಗೂ ಇದೇ ಸರಿ ಅಂತ ನಾನು ಹೇಳಲ್ಲ, ಯಾಕಂದ್ರೆ ರಿಮೋಟ್ ವಿಮಾನ ಆರಿಸುವಾಗ ವಿಮಾನಕ್ಕಿಂತ ಮೊದಲು ನೋಡಬೇಕಾದ್ದು ನೀವು ಹಾರಿಸುವ ಜಾಗ, ಆಮೇಲೆ ಬಿದ್ದದ್ದರಲ್ಲಿ ಏನೇನು ಉಳಿದಿದೆ ಅನ್ನೋದು.

ನಮ್ಮದು ಚಿತ್ರದುರ್ಗದ ಹೊರಗೆ ಮೆಕ್ಕೆಜೋಳ ಕಟಾವಾದ ಹೊಲ. ಹಾರಿಸೋದು ಅಕ್ಕನ ಮಗ, ಪಿಯುಸಿ ಹುಡುಗ. ರಿಪೇರಿ ನನ್ನದು. ಹಳೆಯದು ಮುಂದೆ ಮೋಟರ್, ಕೆಳಗೆ ಚಕ್ರ ಇದ್ದ ಮಾಮೂಲಿ ಟ್ರೈನರ್. ಚೆನ್ನಾಗೇ ಹಾರುತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ "ಮಾಮ, ಎಲಿವೇಟರ್ ಕೇಳ್ತಿಲ್ಲ" ಅಂದ. ಎಲಿವೇಟರ್ ಅಂದ್ರೆ ಮೂಗನ್ನು ಮೇಲೆ ಕೆಳಗೆ ಮಾಡುವ ಬಾಲದ ಪಟ್ಟಿ. ನಾನು ತಲೆ ಎತ್ತಿ ನೋಡುವಷ್ಟರಲ್ಲಿ ಮೂಗು ಕೆಳಗೆ ಮಾಡಿ ನೇರ ಹೊಲಕ್ಕೆ ಹೊಕ್ಕಿತು. ಬಿಚ್ಚಿ ನೋಡಿದರೆ ಎಲಿವೇಟರ್ ಅಲ್ಲಾಡಿಸುವ ಪುಟ್ಟ ಮೋಟರ್, ಅಂದ್ರೆ ಸರ್ವೋ, ಅದರ ಒಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಸವೆದು ಹೋಗಿತ್ತು. ಹುಡುಗನದ್ದೇನೂ ತಪ್ಪಿಲ್ಲ.

ಸುತ್ತಮುತ್ತ ಕೆಲಸ ಮಾಡ್ತಿದ್ದವರೆಲ್ಲ ಬಂದು ಸೇರಿದರು. ಆಕಾಶದಿಂದ ಬಿದ್ದದ್ದನ್ನು ನೋಡೋಕೆ ಜನ ಸೇರೋದು ನಮ್ಮ ಜಿಲ್ಲೆಗೆ ಹೊಸದೇನಲ್ಲ ಬಿಡಿ. ಚಳ್ಳಕೆರೆ ಹತ್ತಿರ ಡಿಆರ್‌ಡಿಒ ಪರೀಕ್ಷಾ ಕೇಂದ್ರ ಇದೆಯಲ್ಲ, ಅವರ ಮಾನವರಹಿತ ವಿಮಾನ 2019ರಲ್ಲಿ ಜೋಡಿಚಿಕ್ಕೇನಹಳ್ಳಿ ಹತ್ತಿರ ಬಿದ್ದಿತ್ತು, 2023ರಲ್ಲಿ ಇನ್ನೊಂದು ಹಿರಿಯೂರು ತಾಲ್ಲೂಕಿನ ಹೊಲದಲ್ಲಿ. ಅಷ್ಟು ದೊಡ್ಡವರದ್ದೇ ಬೀಳುತ್ತೆ ಅಂತ ಹುಡುಗನಿಗೆ ಸಮಾಧಾನ ಹೇಳಿದೆ.

ಈಗ ಉಳಿದದ್ದರ ಲೆಕ್ಕ. ಅಂಗಡಿಗೆ ಫೋನ್ ಮಾಡುವ ಮೊದಲು ಈ ಕೆಲಸ ಮಾಡಲೇಬೇಕು, ಸಾವಿರಾರು ರೂಪಾಯಿ ಉಳಿಯುತ್ತೆ. ಟ್ರಾನ್ಸ್‌ಮಿಟರ್, ಅಂದ್ರೆ ರಿಮೋಟ್, ಕೈಯಲ್ಲೇ ಇತ್ತು, ಅದಕ್ಕೇನಾಗುತ್ತೆ? ಫ್ಲೈಸ್ಕೈ ಎಫ್‌ಎಸ್-ಐ6, ಈ ಹವ್ಯಾಸಕ್ಕೆ ಹೊಸದಾಗಿ ಬರುವ ಬಹಳ ಜನರ ಕೈಯಲ್ಲಿ ಇರೋದು ಇದೇ. ವಿಮಾನದೊಳಗೆ ಸಿಗ್ನಲ್ ಹಿಡಿಯುವ ರಿಸೀವರ್ ಐಎ6ಬಿ, ಅದರ ಎರಡೂ ಆಂಟೆನಾ ತಂತಿ ತುಂಡಾಗಿರಲಿಲ್ಲ. ಮೋಟರ್ ವೇಗ ನೋಡಿಕೊಳ್ಳುವ ಇಎಸ್‌ಸಿ ಸರಿಯಿತ್ತು. ಮೋಟರ್ ಎ2212, ಹೊರಗಿಂದ ನೋಡಿದರೆ ಹೊಸದರ ಹಾಗೇ ಇತ್ತು, ಆದರೆ ಕೈಯಲ್ಲಿ ಹಿಡಿದು ನಿಧಾನಕ್ಕೆ ತಿರುಗಿಸಿದರೆ ಶಾಫ್ಟ್ ತುದಿ ಕೂದಲೆಳೆಯಷ್ಟು ಓಲಾಡುತ್ತಿತ್ತು. ಅಂಥದ್ದನ್ನು ಹಾಕಿ ಓಡಿಸಿದರೆ ಇಡೀ ವಿಮಾನ ನಡುಗುತ್ತೆ, ಸ್ಕ್ರೂ ಸಡಿಲ ಆಗುತ್ತೆ. ಅದು ಕಸದ ಡಬ್ಬಿಗೆ ಹೋಯಿತು. ಸರ್ವೋಗಳನ್ನು ಒಂದೊಂದಾಗಿ ಕಿವಿ ಹತ್ತಿರ ಹಿಡಿದು ಬೆರಳಲ್ಲಿ ತಿರುಗಿಸಿ ನೋಡಿದೆ. ಹಲ್ಲು ಹೋಗಿದ್ದರೆ ಒಂದು ಕಡೆ ಟಕ್ ಅಂತ ಜಾರುತ್ತೆ, ಗೊತ್ತಾಗಿಬಿಡುತ್ತೆ.

ಬ್ಯಾಟರಿ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ನಮ್ಮದು 3 ಸೆಲ್ಲಿನ 2200 ಎಂಎಎಚ್ ಲಿಪೋ, ಅಂದ್ರೆ ಲಿಥಿಯಂ ಪಾಲಿಮರ್ ಬ್ಯಾಟರಿ, ಒಂದು ಮೂಲೆ ಜಜ್ಜಿತ್ತು. ಊದಿರಲಿಲ್ಲ, ಮೀಟರ್ ಹಾಕಿದರೆ ಮೂರೂ ಸೆಲ್ ಸರಿಯಾಗೇ ತೋರಿಸಿದವು. ಆದರೂ ಅದನ್ನು ಮತ್ತೆ ಚಾರ್ಜಿಗೆ ಹಾಕಲಿಲ್ಲ. ಮನೆ ಒಳಗೂ ತರಲಿಲ್ಲ, ಹಿತ್ತಲಲ್ಲಿ ಮರಳಿನ ಬಕೆಟ್‌ನಲ್ಲಿಟ್ಟೆ. ಜಜ್ಜಿದ ಲಿಪೋ ಆ ಹೊತ್ತಿಗೆ ಸುಮ್ನಿದ್ದು ಆಮೇಲೆ ಚಾರ್ಜ್ ಮಾಡುವಾಗ ಹೊತ್ತಿಕೊಳ್ಳಬಹುದು.

ಇನ್ನು ಆಯ್ಕೆ. ಹುಡುಗನ ಕಣ್ಣು ಮೊದಲು ಬಿದ್ದದ್ದು ಹಾಬಿಝೋನ್ ಏರೋಸ್ಕೌಟ್ ಮೇಲೆ. ಒಳ್ಳೆ ವಿಮಾನ, ಅದರಲ್ಲಿ ಎರಡು ಮಾತಿಲ್ಲ. ಸುಮಾರು 1.1 ಮೀಟರ್ ರೆಕ್ಕೆ, ಮೋಟರ್ ಹಿಂದೆ, ದೊಡ್ಡ ಚಕ್ರ, ಜೊತೆಗೆ ಸೇಫ್ ಅನ್ನುವ ವ್ಯವಸ್ಥೆ. ಕಲಿಯುವವರ ಮೋಡ್‌ನಲ್ಲಿ ಅದು ಜಾಸ್ತಿ ವಾಲೋಕೆ ಬಿಡಲ್ಲ, ರಿಮೋಟಿನ ಕಡ್ಡಿ ಬಿಟ್ಟರೆ ತಾನೇ ಸಮ ಆಗುತ್ತೆ. ಆದರೆ ಅದರ ಒಳಗಿರೋದು ಸ್ಪೆಕ್ಟ್ರಮ್ ರಿಸೀವರ್. ನಮ್ಮ ಫ್ಲೈಸ್ಕೈಗೂ ಅದಕ್ಕೂ ಬೈಂಡ್ ಆಗಲ್ಲ, ಎರಡರ ಭಾಷೆಯೇ ಬೇರೆ. ರಿಸೀವರ್ ಕಿತ್ತು ನಮ್ಮದನ್ನು ಹಾಕಬಹುದು, ಹಾಕಿದರೆ ಸೇಫ್ ಹೋಯಿತು. ಹಾಗಾದರೆ ಅಷ್ಟು ದುಡ್ಡು ಕೊಟ್ಟದ್ದು ಯಾತಕ್ಕೆ ಅಲ್ವಾ? ನಿಮ್ಮ ಹತ್ತಿರ ಏನೂ ಇಲ್ಲ, ಇದೇ ಮೊದಲು, ದುಡ್ಡಿಗೂ ತೊಂದರೆ ಇಲ್ಲ ಅಂದರೆ ಟ್ರಾನ್ಸ್‌ಮಿಟರ್ ಸಮೇತ ಬರುವ ಪೆಟ್ಟಿಗೆಯನ್ನೇ ತಗೊಳ್ಳಿ, ನಾನು ಬೇಡ ಅನ್ನಲ್ಲ. ರಿಸೀವರ್, ಇಎಸ್‌ಸಿ, ಸರ್ವೋ ಎಲ್ಲ ಉಳಿದಿರುವವರಿಗೆ ಅದು ದಂಡ.

ಅರ್ಧ ಮೀಟರ್ ರೆಕ್ಕೆಯ ಪುಟ್ಟ ವಿಮಾನಗಳೂ ಸಿಗುತ್ತವೆ, ವೊಲಾಂಟೆಕ್ಸ್ ಸ್ಪೋರ್ಟ್ ಕಬ್ ಥರದ್ದು. ವಿಮಾನವನ್ನು ಸಮ ಇಡುವ ಗೈರೋ ಒಳಗೇ ಇರುತ್ತೆ, ಬೆಲೆ ಕಡಿಮೆ, ಹಗುರ ಇರೋದರಿಂದ ಬಿದ್ದರೂ ಜಾಸ್ತಿ ಪೆಟ್ಟಾಗಲ್ಲ. ಆದರೆ ಜೋಗಿಮಟ್ಟಿ ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರ ನಿಲ್ಲಿಸಿರೋದು ಚಂದಕ್ಕಲ್ಲವಲ್ಲ. ಆಷಾಢದ ಗಾಳಿಗೆ ಇಂಥದ್ದನ್ನು ಬಿಟ್ಟರೆ ಪಕ್ಕದ ಊರಲ್ಲಿ ಹುಡುಕಬೇಕಾಗುತ್ತೆ. ಕಾಂಪೌಂಡ್ ಒಳಗಿನ ಶಾಲೆ ಮೈದಾನ, ಬೆಳಿಗ್ಗೆ ಆರರ ನಿಶ್ಶಬ್ದ ಗಾಳಿ, ಅಂಥ ಕಡೆಗೆ ಸರಿ.

ಬಾಲ್ಸಾ ಮರದ ಕಿಟ್ ನೋಡೋಕೆ ಅಂದ. ಕಲಿಯುವ ಹುಡುಗನಿಗೆ ಬೇಡ.

ಮನೇಲೇ ಮಾಡಿಕೊಳ್ಳುವ ದಾರಿ ಇನ್ನೊಂದು. ಅಮೆರಿಕದ ಫ್ಲೈಟ್ ಟೆಸ್ಟ್‌ನವರು ಫೋಮ್ ಬೋರ್ಡ್ ವಿಮಾನಗಳ ನಕ್ಷೆಯನ್ನು ಪುಕ್ಕಟೆ ಕೊಡುತ್ತಾರೆ. ನಕ್ಷೆ ಪ್ರಿಂಟ್ ಹಾಕಿಸಿ, ಕಟರ್‌ನಲ್ಲಿ ಕತ್ತರಿಸಿ, ಗ್ಲೂ ಗನ್ ಹಿಡಿದು ಕೂತರೆ ಆಯಿತು. ಕಷ್ಟ ಇರೋದು ಶೀಟ್‌ನಲ್ಲಿ. ಸ್ಟೇಷನರಿ ಅಂಗಡಿಯ ಫೋಮ್ ಬೋರ್ಡ್ ಹಗುರವಾಗೇ ಇರುತ್ತೆ, ಆದರೆ ಮಳೆಗಾಲದ ಥಂಡಿಗೆ ಮೇಲಿನ ಕಾಗದ ಏಳುತ್ತೆ. ಫ್ಲೆಕ್ಸ್ ಅಂಗಡಿಯಲ್ಲಿ ಸಿಗುವ ಸನ್‌ಪ್ಯಾಕ್ ಶೀಟ್, ಅಂದ್ರೆ ಚುನಾವಣೆ ಬೋರ್ಡಿಗೆ ಬಳಸುವ ಆ ಗೆರೆ ಗೆರೆ ಪ್ಲಾಸ್ಟಿಕ್, ನೀರಿಗೆ ಜಗ್ಗಲ್ಲ, ಮಡಿಚಿದರೂ ಮುರಿಯಲ್ಲ. ತೂಕ ಮಾತ್ರ ಜಾಸ್ತಿ. ತೂಕ ಜಾಸ್ತಿ ಆದರೆ ಮೇಲೇ ನಿಲ್ಲಬೇಕಂದರೂ ವೇಗ ಬೇಕು, ಇಳಿಸುವಾಗಲೂ ವೇಗ, ಹೊಸಬರ ಕೈಗೆ ಅದು ಸಿಗಲ್ಲ. ಎರಡನೇ ವಿಮಾನವಾಗಿ ಖಂಡಿತ ಮಾಡಿ. ಹುಡುಗ ಈಗಾಗಲೇ ಒಂದನ್ನು ಕತ್ತರಿಸಲು ಕೂತಿದ್ದಾನೆ, ಮನೆ ತುಂಬ ತುಣುಕು, ಅಕ್ಕನ ಬೈಗುಳ ನನಗೆ.

ಹೀಗೆ ಎಲ್ಲ ಬಿಟ್ಟು ಉಳಿದದ್ದು ಈಸಿಸ್ಟಾರ್, ಬಿಕ್ಸ್ಲರ್ ಜಾತಿಯ ಪುಷರ್, ಅಂದ್ರೆ ಪ್ರೊಪೆಲರ್ (ಪ್ರಾಪ್) ಹಿಂದಿನಿಂದ ತಳ್ಳುವಂಥದ್ದು. ಮೊದಲಿನದು ಜರ್ಮನಿಯ ಮಲ್ಟಿಪ್ಲೆಕ್ಸ್‌ನವರದ್ದು, ಆಮೇಲೆ ಅದೇ ಮೈಕಟ್ಟಿನವು ಬೇಕಾದಷ್ಟು ಬಂದವು. ನಾವು ತಂದದ್ದು ಅಂಥದ್ದೇ ಒಂದು ಕಿಟ್, ಮೋಟರ್ ಸಮೇತ, ರೇಡಿಯೋ ಮತ್ತು ಬ್ಯಾಟರಿ ಇಲ್ಲದೆ, ಬೆಂಗಳೂರಿನ ಒಂದು ಅಂಗಡಿಯಿಂದ ಕೊರಿಯರ್‌ನಲ್ಲಿ. ಸುಮಾರು 8 ಸಾವಿರ ಆಯಿತು. ಹೊರದೇಶದಿಂದ ನೇರ ತರಿಸೋಣ ಅಂತ ಹುಡುಗ ಹಠ ಹಿಡಿದಿದ್ದ. 2022ರ ಫೆಬ್ರವರಿಯಲ್ಲಿ ರೆಡಿ ಡ್ರೋನ್‌ಗಳ ಆಮದು ನಿಷೇಧ ಆದಮೇಲೆ, ಬಿಡಿಭಾಗಕ್ಕೆ ತಡೆ ಇಲ್ಲದಿದ್ದರೂ, ಹಾರುವಂಥದ್ದನ್ನು ಇಡಿಯಾಗಿ ತರಿಸಿ ಕಸ್ಟಮ್ಸ್‌ನಲ್ಲಿ ಸಿಕ್ಕಿಸಿಕೊಳ್ಳುವ ಗೋಜು ನನಗೆ ಬೇಡ ಅನ್ನಿಸಿತು.

ಇದರಲ್ಲಿ ಇಷ್ಟ ಆದದ್ದು ಬಹಳ. ಫೋಮ್ ಇಪಿಒ ಅನ್ನುವ ಜಾತಿಯದ್ದು, ಥರ್ಮಾಕೋಲ್ ಅಲ್ಲ. ಫೆವಿಕ್ವಿಕ್ ಹಾಕಿದರೆ ಥರ್ಮಾಕೋಲ್ ಕರಗುತ್ತೆ, ಇದು ಕರಗಲ್ಲ, ಹಾಗೇ ಅಂಟುತ್ತೆ. ಮೂಗು ಜಜ್ಜಿದರೆ ಕುದಿಯುವ ನೀರನ್ನು ನಿಧಾನಕ್ಕೆ ಮೇಲೆ ಸುರಿಯಬೇಕು. ಒಳಗೆ ಹೋದ ಫೋಮ್ ನಮ್ಮ ಕಣ್ಣೆದುರೇ ಪುರಿಯ ಹಾಗೆ ಉಬ್ಬಿ ಮೇಲೆ ಬರುತ್ತೆ. ಮೊದಲಿನಷ್ಟು ನುಣುಪಾಗಲ್ಲ, ಮೇಲ್ಮೈ ಗುಳ್ಳೆ ಗುಳ್ಳೆ ಕಾಣುತ್ತೆ, ಆದರೆ ಆಕಾರ ವಾಪಸ್ ಬರುತ್ತೆ. ಇಳಿಯುವಾಗ ಒಮ್ಮೆ ಬದುವಿಗೆ ಗುದ್ದಿತ್ತು, ಮನೆಗೆ ಬಂದು ಟೀ ಪಾತ್ರೆಯಲ್ಲೇ ನೀರು ಕಾಯಿಸಿ ಸರಿ ಮಾಡಿದೆವು. ಮೋಟರ್, ಪ್ರಾಪ್ ಎರಡೂ ಮೇಲೆ, ಹಿಂದೆ ಇರೋದರಿಂದ ಮೂಗು ಗುದ್ದಿದರೆ ಶಾಫ್ಟ್ ಬಗ್ಗುವ ಮಾತೇ ಇಲ್ಲ. ನಮಗೆ ಮುಖ್ಯವಾಗಿ ಬೇಕಿದ್ದದ್ದು ಇದೇ. ಮೆಕ್ಕೆಜೋಳದ ಕೂಳೆಯ ನಡುವೆ ಚಕ್ರ ಉರುಳಲ್ಲ, ಸಿಕ್ಕಿಕೊಂಡು ಪಲ್ಟಿ ಹೊಡೆಸುತ್ತೆ. ಇದನ್ನು ಹೊಟ್ಟೆಯ ಮೇಲೆ ಜಾರಿಸಿ ಇಳಿಸಬಹುದು. ಕೂಳೆ ಚುಚ್ಚದ ಹಾಗೆ ಹೊಟ್ಟೆಗೆ ಉದ್ದಕ್ಕೂ ಅಗಲದ ಟೇಪ್ ಹಾಕಿದ್ದೇವೆ. ರೆಕ್ಕೆ ಎರಡು ತುಂಡು, ನಡುವೆ ಕಾರ್ಬನ್ ಕೊಳವೆ, ಬಿಚ್ಚಿ ಚೀಲದಲ್ಲಿ ಇಟ್ಟುಕೊಂಡು ಬೈಕ್‌ನಲ್ಲೇ ಹೋಗಬಹುದು.

ಕಿರಿಕಿರಿಯೂ ಇದೆ. ಮೋಟರ್ ಮೇಲೆ ಎತ್ತರದಲ್ಲಿ ಕೂತು ತಳ್ಳೋದರಿಂದ ಥ್ರಾಟಲ್ ಕೊಟ್ಟ ಕೂಡಲೇ ಮೂಗು ಕೆಳಗೆ ಬಾಗುತ್ತೆ, ಬಿಟ್ಟರೆ ಮೇಲೇಳುತ್ತೆ. ಇದನ್ನು ಯಾರೂ ಮೊದಲೇ ಹೇಳಲ್ಲ. ವಿಮಾನ ಕೆಳಗೆ ಬರ್ತಿದೆ ಅಂತ ಗಾಬರಿಯಾಗಿ ಒಮ್ಮೆಲೇ ಪೂರ್ತಿ ಥ್ರಾಟಲ್ ಕೊಟ್ಟರೆ ಇನ್ನಷ್ಟು ಕೆಳಗೇ ಹೋಗುತ್ತೆ. ಐ6ನಲ್ಲಿ ಮಿಕ್ಸ್ ಅಂತ ಒಂದು ಮೆನು ಇದೆ. ಥ್ರಾಟಲ್ ಏರಿಸಿದಾಗ ಎಲಿವೇಟರ್ ತಾನಾಗೇ ಸ್ವಲ್ಪ ಮೇಲೆ ಹೋಗುವ ಹಾಗೆ ಅಲ್ಲಿ ಮಾಡಿಟ್ಟೆವು. ಈಗ ಹುಡುಗನಿಗೆ ಆ ತಲೆನೋವು ಇಲ್ಲ. ಹಾಗೇ ಮೆನುವಿನಲ್ಲಿರುವಾಗಲೇ ಫೇಲ್‌ಸೇಫ್ ಕೂಡ ಹಾಕಿಬಿಡಿ, ಸಿಗ್ನಲ್ ಹೋದರೆ ಮೋಟರ್ ನಿಲ್ಲಬೇಕು.

ಚಕ್ರ ಇಲ್ಲದ್ದರಿಂದ ಪ್ರತಿ ಸಲ ಕೈಯಿಂದಲೇ ಎಸೆಯಬೇಕು. ಒಬ್ಬರು ಎಸೆಯೋದು, ಒಬ್ಬರು ಕಡ್ಡಿ ಹಿಡಿಯೋದು. ಪ್ರಾಪ್ ಹಿಂದೆ ತಿರುಗುತ್ತಿರುತ್ತೆ, ಆದ್ದರಿಂದ ರೆಕ್ಕೆಯ ಕೆಳಗೆ, ಹೊಟ್ಟೆಯನ್ನು ಹಿಡಿದು, ಗಾಳಿಗೆ ಎದುರಾಗಿ ಸಮಕ್ಕೆ ತಳ್ಳಬೇಕು. ಮೇಲಕ್ಕೆ ಎಸೆದರೆ ವೇಗ ಸಾಲದೆ ಅಲ್ಲೇ ಕುಸಿಯುತ್ತೆ. ಒಬ್ಬರೇ ಹೋಗುವವರಿಗೆ ಮೊದಮೊದಲು ಕಷ್ಟ. ನಿಮ್ಮೂರಲ್ಲಿ ಗಟ್ಟಿ ನೆಲದ ಮೈದಾನ ಇದ್ದರೆ ಚಕ್ರದ್ದೇ ಸುಖ.

ಕಿಟ್ ಜೊತೆ ಬಂದ ಗೋಂದಿನ ಟ್ಯೂಬ್ ಒಣಗಿ ಕಲ್ಲಾಗಿತ್ತು. ಸರ್ವೋದಿಂದ ಎಲಿವೇಟರ್‌ಗೆ ಹೋಗುವ ಕಡ್ಡಿಗೆ ಹಾಕುವ ಪುಟ್ಟ ಕೊಂಡಿ, ಅಂದ್ರೆ ಕ್ಲೆವಿಸ್, ಒಂದು ಕಮ್ಮಿ ಇತ್ತು. ಅಂಗಡಿಗೆ ಫೋನ್ ಮಾಡಿದರೆ "ಸರ್, ಪ್ಯಾಕಿಂಗ್ ಕಂಪನಿಯಿಂದಲೇ ಹಾಗೆ ಬರುತ್ತೆ" ಅಂದರು. ಫೋಟೋ ಕಳಿಸಿ ಜೋರು ಮಾಡಿದ ಮೇಲೆ ಕಳಿಸಿಕೊಟ್ಟರು. ಕಾಯುವಷ್ಟು ತಾಳ್ಮೆ ನನಗಿತ್ತು, ಹುಡುಗನಿಗೆ ಇರಲಿಲ್ಲ.

ಎಲಿವೇಟರ್‌ಗೆ ಮಾತ್ರ ಪ್ಲಾಸ್ಟಿಕ್ ಗೇರಿನ ಎಸ್‌ಜಿ90 ಬೇಡ ಅಂತ ಎಂಜಿ90ಎಸ್ ಹಾಕಿದ್ದೇನೆ, ಅಂದ್ರೆ ಲೋಹದ ಗೇರಿನದ್ದು. ಅಳತೆ ಹೆಚ್ಚು ಕಡಿಮೆ ಅದೇ, ಕೆಲವು ಗ್ರಾಂ ತೂಕ ಜಾಸ್ತಿ, ಬೆಲೆ ನೂರಿನ್ನೂರು ರೂಪಾಯಿ ಹೆಚ್ಚು. ರೆಕ್ಕೆಯಲ್ಲಿ ಹಳೆ ಸರ್ವೋಗಳೇ ಇವೆ. ಅಲ್ಲಿ ಒಂದು ಹೋದರೂ ಇನ್ನೊಂದರಲ್ಲಿ ಇಳಿಸಬಹುದು, ಎಲಿವೇಟರ್ ಹೋದರೆ ಕಥೆ ಮುಗಿಯಿತು.

ಕಾನೂನಿನ ಬಗ್ಗೆ ಕೇಳುವವರಿಗೆ: 2021ರ ಡ್ರೋನ್ ನಿಯಮದಲ್ಲಿ ಕಣ್ಣಳತೆಯಲ್ಲಿ, ಬರೀ ಹವ್ಯಾಸಕ್ಕೆ ಹಾರಿಸುವ 25 ಕಿಲೋ ಒಳಗಿನ ಮಾದರಿ ವಿಮಾನಕ್ಕೆ ಟೈಪ್ ಸರ್ಟಿಫಿಕೇಟ್, ಅಂದ್ರೆ ಆ ಮಾದರಿಗೆ ಸರ್ಕಾರದ ಒಪ್ಪಿಗೆ ಪತ್ರ, ಬೇಡ. ಆದರೆ ಮುಂಚೆ ಅನುಮತಿ ಬೇಡದ ಹಸಿರು ವಲಯದಲ್ಲೂ 400 ಅಡಿ ದಾಟಬೇಕಾದರೆ ಅನುಮತಿ ಬೇಕು. ನೀವು ಹಾರಿಸುವ ಜಾಗ ಯಾವ ವಲಯ ಅನ್ನೋದನ್ನು ಸರ್ಕಾರದ ಡ್ರೋನ್ ನಕ್ಷೆಯಲ್ಲಿ ನೋಡಿಕೊಳ್ಳಿ. ಬೆಂಗಳೂರಿನವರಂತೂ ನೋಡಲೇಬೇಕು, ಎಚ್‌ಎಎಲ್, ಜಕ್ಕೂರು, ಯಲಹಂಕ, ದೇವನಹಳ್ಳಿ, ಎಲ್ಲ ಕಡೆ ರನ್‌ವೇ. ನಾವು ಚಳ್ಳಕೆರೆ ಕಡೆ ತಲೆ ಹಾಕಿಯೂ ಮಲಗಲ್ಲ.

ಆರ್ಡರ್ ಮಾಡುವಾಗ ಎರಡು ಪ್ರಾಪ್, ಒಂದು ಪ್ಯಾಕೆಟ್ ಕ್ಲೆವಿಸ್, ಒಂದು ಸರ್ವೋ ಜೊತೆಗೇ ಹಾಕಿಸಿಕೊಳ್ಳಿ. ಆಮೇಲೆ ಮೂವತ್ತು ರೂಪಾಯಿ ಸಾಮಾನಿಗೆ ನೂರು ರೂಪಾಯಿ ಕೊರಿಯರ್ ಕೊಡಬೇಕಾಗುತ್ತೆ. ಬಾಲದ ಬಿಡಿಭಾಗ ಬೇರೆಯಾಗಿ ಸಿಗುತ್ತಾ ಅಂತಲೂ ದುಡ್ಡು ಕೊಡುವ ಮೊದಲೇ ಕೇಳಿ. ನಮ್ಮ ಅಂಗಡಿಯವರು ರೆಕ್ಕೆ ಸಿಗುತ್ತೆ, ಬಾಲ ಸಿಗಲ್ಲ ಅಂದರು. ಬಳ್ಳಾರಿ ಜಾಲಿ ಗಿಡಕ್ಕೆ ಸಿಕ್ಕಿಕೊಂಡಾಗ ಮೊದಲು ಕಿತ್ತು ಬರೋದು ಬಾಲವೇ, ಅದಕ್ಕೆ ಒಂದನ್ನು ಫೋಮ್ ಬೋರ್ಡಿನಲ್ಲಿ ಅಳತೆ ತೆಗೆದು ಕತ್ತರಿಸಿ ಇಟ್ಟಿದ್ದೇವೆ.