ಟ್ರ್ಯಾಕಿಂಗ್‌ಗೆ ಫುಲ್ ಮಾರ್ಕ್ಸ್, ಕಚ್ಚಿಸೋದಕ್ಕೆ ಯಾಕಿಷ್ಟು ಅವಸರ? ಮೈಸೂರಿನ ಒಂದು ನಾಯಿ ತರಬೇತಿ ಗ್ರೌಂಡ್

ನಾಯಿಗೆ ಸಿಟ್, ಸ್ಟೇ, ಶೇಕ್‌ಹ್ಯಾಂಡ್ ಬಂದರೆ ಸಾಕು ಅನ್ನುವವರಿಗೆ ಈ ಜಾಗ ಬೇಡ. ಅದಕ್ಕೆ ಮನೆಗೇ ಬಂದು ಕಲಿಸುವವರು ಮೈಸೂರಿನಲ್ಲಿ ಸಿಗುತ್ತಾರೆ, ದುಡ್ಡೂ ಕಮ್ಮಿ. ನನಗೆ ಬೇಕಾಗಿದ್ದವರು ಐಜಿಪಿ ಆಟಕ್ಕೆ ಮರಿಯನ್ನು ತಯಾರು ಮಾಡುವವರು. ನಮ್ಮ ಮಿಂಚು ಬೆಲ್ಜಿಯನ್ ಮ್ಯಾಲಿನಾಯ್ಸ್ ಹೆಣ್ಣುಮರಿ. ಕೆಲಸ ಕೊಡದೆ ಸುಮ್ನೆ ಮನೆಯಲ್ಲಿ ಕೂರಿಸಿದರೆ ಸೋಫಾ ಉಳಿಯುವುದಿಲ್ಲ. ರಿಂಗ್ ರೋಡ್ ದಾಟಿ ತೆಂಗಿನ ತೋಟದ ಪಕ್ಕ ಇರುವ ಈ ಗ್ರೌಂಡಿಗೆ ಅವಳ ಹಾಲುಹಲ್ಲು ಉದುರುವ ಮೊದಲಿಂದ ಹೋಗುತ್ತಿದ್ದೇವೆ. ಕೆಲವು ದೂರುಗಳೂ ಇರುವುದರಿಂದ ಹೆಸರು ಹಾಕುತ್ತಿಲ್ಲ.

ಐಜಿಪಿ ಅಂದರೆ ಗೊತ್ತಿಲ್ಲದವರಿಗೆ ಎರಡು ಮಾತು. ಜರ್ಮನಿಯಲ್ಲಿ ಜರ್ಮನ್ ಶೆಫರ್ಡ್‌ಗಳನ್ನು ಪರೀಕ್ಷೆ ಮಾಡೋದಕ್ಕೆ ಅಂತ ಶುರುವಾದ ಶುಟ್ಸ್‌ಹುಂಡ್ ಇದೇ. 2012ರಲ್ಲಿ ಐಪಿಒ ಆಯ್ತು, 2019ರಿಂದ ಐಜಿಪಿ. ಮೂರು ಭಾಗ: ವಾಸನೆ ಹಿಡಿದು ಹೆಜ್ಜೆಜಾಡು ಹುಡುಕುವುದು, ಹೇಳಿದ ಮಾತು ಕೇಳುವುದು, ಕೊನೆಗೆ ಎದುರಾಳಿಯ ಪಾತ್ರ ಮಾಡುವ ಹೆಲ್ಪರ್ ತೋಳಿಗೆ ಹಾಕಿಕೊಂಡ ದಪ್ಪ ಕವಚ, ಅಂದರೆ ಸ್ಲೀವ್ ಕಚ್ಚಿ ಹಿಡಿಯುವುದು, ಬಿಡು ಅಂದಾಗ ಬಿಡುವುದು. ಒಂದೊಂದಕ್ಕೂ 100 ಅಂಕ, ಪಾಸಾಗಲು ಪ್ರತಿಯೊಂದರಲ್ಲೂ 70 ಬೇಕು. ಕಚ್ಚುವುದರಲ್ಲಿ ಹುಲಿ, ಟ್ರ್ಯಾಕಿಂಗ್‌ನಲ್ಲಿ ಸೊನ್ನೆ ಅಂದರೆ ಫೇಲೇ. ಇದಕ್ಕೆಲ್ಲ ಮುಂಚೆ ಬಿಎಚ್ ಅಂತ, ನಾಯಿ ಮಾತು ಕೇಳುತ್ತದಾ, ಜನರ ಮಧ್ಯೆ ಗಲಾಟೆ ಮಾಡದೆ ಇರುತ್ತದಾ ಅಂತ ನೋಡುವ ಒಂದು ಪರೀಕ್ಷೆ ಇದೆ. ಅದಕ್ಕೆ ನಾಯಿಗೆ ವರ್ಷವಾದರೂ ತುಂಬಿರಬೇಕು, ಐಜಿಪಿ ಒಂದನೇ ಹಂತಕ್ಕೆ 18 ತಿಂಗಳು. ಈ ವಯಸ್ಸಿನ ಲೆಕ್ಕ ನೆನಪಿಟ್ಟುಕೊಳ್ಳಿ, ನನ್ನ ಜಗಳವೆಲ್ಲ ಅಲ್ಲೇ.

ಮೊದಲು ಚೆನ್ನಾಗಿರುವುದು ಹೇಳುತ್ತೇನೆ. ಟ್ರ್ಯಾಕಿಂಗ್ ಕಲಿಸುವ ರೀತಿಗೆ ಕೈ ಮುಗಿಯಬೇಕು. ರಾಗಿ ಕೊಯ್ಲಾದ ಮೇಲೆ ಶ್ರೀರಂಗಪಟ್ಟಣದ ಕಡೆ ರೈತರನ್ನು ಕೇಳಿ ಹೊಲಕ್ಕೆ ಕರೆದುಕೊಂಡು ಹೋಗುತ್ತಾರೆ, ಬೆಳಿಗ್ಗೆ ಆರಕ್ಕೆಲ್ಲ, ಇಬ್ಬನಿ ಆರುವ ಮೊದಲು. ಬಿಸಿಲೇರಿದರೆ ಮಣ್ಣು ಒಣಗಿ ವಾಸನೆ ನಿಲ್ಲುವುದಿಲ್ಲ. ಟ್ರೇನರ್ ಮೊದಲು ಒಂದು ಚೌಕದಷ್ಟು ಜಾಗವನ್ನು ಕಾಲಲ್ಲಿ ಚೆನ್ನಾಗಿ ತುಳಿಯುತ್ತಾರೆ, ಅದರ ತುಂಬ ಉಪ್ಪಿಲ್ಲದೆ ಬೇಯಿಸಿದ ಕೋಳಿಯ ಸಣ್ಣ ಚೂರು. ಆಮೇಲೆ ಅಲ್ಲಿಂದ ಹೆಜ್ಜೆಗೆ ಹೆಜ್ಜೆ ಅಂಟಿಸಿ ನಡೆಯುತ್ತಾ ಒಂದೊಂದು ಹೆಜ್ಜೆಗುರುತಿನಲ್ಲೂ ಒಂದೊಂದು ಚೂರು. ತುಳಿದ ಕೂಳೆಯ ವಾಸನೆ, ಕದಡಿದ ಮಣ್ಣಿನ ವಾಸನೆ, ಮನುಷ್ಯನ ವಾಸನೆ ಮೂರೂ ಸೇರಿದ ಕಡೆ ಮೂತಿ ಇಟ್ಟರೆ ತಿಂಡಿ ಸಿಗುತ್ತೆ ಅಂತ ಮರಿಗೆ ತಾನಾಗೇ ಹೊಳೆಯುತ್ತದೆ. ಯಾರೂ ಬೈಯುವುದಿಲ್ಲ, ಎಳೆಯುವುದಿಲ್ಲ. ಮಿಂಚು ಅವಸರ ಮಾಡಿ ನಾಲ್ಕು ಹೆಜ್ಜೆ ಹಾರಿಸಿಕೊಂಡು ಹೋದಾಗ ನಾನು ಹಗ್ಗ ಜಗ್ಗಲು ಹೋದೆ. "ಬೇಡ ಮೇಡಂ, ತಪ್ಪು ಅವಳದಲ್ಲ, ನಾನು ಹೆಜ್ಜೆ ದೂರ ಇಟ್ಟೆ" ಅಂದರು. ಮುಂದಿನ ಸಾಲನ್ನು ಇನ್ನೂ ಒತ್ತಾಗಿ ತುಳಿದರು. ಅವಳು ಮೂತಿ ಎತ್ತದೆ, ಮೂಗಿನಿಂದ ಸುರ್ ಸುರ್ ಅಂತ ಸದ್ದು ಮಾಡುತ್ತಾ ಒಂದೇ ಹದದಲ್ಲಿ ಹೋದಳು.

ನಮ್ಮ ಕೆಂಪು ಮಣ್ಣಿನಲ್ಲಿ ಇದಕ್ಕೆ ದೊಡ್ಡ ಶತ್ರು ಇರುವೆ. ಜಾಡು ಹಾಕಿ ಹತ್ತು ನಿಮಿಷ ಮಾತಾಡುತ್ತಾ ನಿಂತರೆ ಕೋಳಿ ಚೂರಿಗೆಲ್ಲ ಇರುವೆ ಮುತ್ತಿರುತ್ತದೆ, ಮರಿಯ ಮೂಗಿಗೆ ಒಂದು ಕಚ್ಚಿತೋ ಆ ದಿನದ ಪಾಠ ಅಲ್ಲಿಗೆ ಮುಗೀತು. ಆಟದ ನಿಯಮ ಬೇರೆ ದೇಶದ್ದು, ಇರುವೆ ನಮ್ಮದು! ಅದಕ್ಕೆ ಇವರು ಹೊಲದಲ್ಲಿ ಗೂಡು ಎಲ್ಲಿದೆ ಅಂತ ಮೊದಲೇ ನೋಡಿಕೊಂಡು, ಮರಿಗಳಿಗೆ ಚಿಕ್ಕ ಜಾಡು ಹಾಕಿ ತಕ್ಷಣ ಬಿಡುತ್ತಾರೆ. ಇಂಥದ್ದು ವಿಡಿಯೋ ನೋಡಿ ಕಲಿತವರಿಗೆ ಗೊತ್ತಿರಲ್ಲ. ಒಂದಿನ ಹೊಲದ ಯಜಮಾನರು ಬದುವಿನ ಮೇಲೆ ಕೂತು ಬಹಳ ಹೊತ್ತು ನೋಡಿ, "ಏನವ್ವಾ ಕಳ್ಕಂಡೆ? ಅವಾಗಿಂದ ನಾಯಿ ಕೈಲಿ ಹುಡುಕುಸ್ತಾ ಇದ್ದೀಯ" ಅಂದರು. ಆಟ ಅಂತ ಹೇಳಿದ್ದನ್ನು ನಂಬಲಿಲ್ಲ.

ಸದ್ದಿನ ಅಭ್ಯಾಸವೂ ಚೆನ್ನಾಗಿದೆ. ಪರೀಕ್ಷೆಯಲ್ಲಿ ನಾಯಿ ನಡೆಯುತ್ತಿರುವಾಗ ಗುಂಡು ಹಾರಿಸಿದ ಸದ್ದು ಮಾಡುತ್ತಾರೆ, ಬೆದರಿ ಓಡುವ ನಾಯಿ ಮನೆಗೆ. ದಸರಾ ಆನೆಗಳಿಗೆ ಕುಶಾಲತೋಪಿನ ತಾಲೀಮು ಕೊಡುವುದನ್ನು ನೋಡಿದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಮರಿ ಊಟ ಮಾಡುವಾಗ ದೂರದಲ್ಲಿ ಪಾತ್ರೆ ಮುಚ್ಚಳ ಬಡಿಯುತ್ತಾರೆ, ವಾರ ಕಳೆದಂತೆ ಸ್ವಲ್ಪ ಹತ್ತಿರ. ಬಟ್ಟಲಿಂದ ತಲೆ ಎತ್ತಿದರೆ ಮತ್ತೆ ಹಿಂದಕ್ಕೆ ಹೋಗುತ್ತಾರೆ. ಎತ್ತರದ ಹಲಗೆಯನ್ನೂ ಚಿಕ್ಕ ಮರಿಗಳಿಂದ ಹಾರಿಸುವುದಿಲ್ಲ, ಮೂಳೆ ಬಲಿಯಲು ವರ್ಷದ ಮೇಲೆ ಬೇಕು ಅಂತ ಅವರೇ ಹೇಳುತ್ತಾರೆ. ಸೇರುವಾಗ ಲಸಿಕೆ ಕಾರ್ಡ್ ಕೇಳಿಯೇ ಒಳಗೆ ಬಿಡುತ್ತಾರೆ. ಮರಿಗಳ ಜೀವ ತೆಗೆಯುವ ಪಾರ್ವೋ ರೋಗದ ಕಾಟ ನೋಡಿದವರಿಗೆ ಇದರ ಬೆಲೆ ಗೊತ್ತು.

ಈಗ ಭಾನುವಾರದ ವಿಷಯ. ವಾರದ ದಿನ ಇರುವ ಹಿರಿಯ ಟ್ರೇನರ್ ಭಾನುವಾರ ಬರಲ್ಲ. ಹುಡುಗರು ನೋಡಿಕೊಳ್ಳುತ್ತಾರೆ, ಮೊಬೈಲ್ ಹಿಡಿದ ಒಬ್ಬ ಖಾಯಂ ಇರುತ್ತಾನೆ. ಮರಿಗೆ ನಾಲ್ಕರಿಂದ ಆರು ತಿಂಗಳಲ್ಲಿ ಹಲ್ಲು ಬದಲಾಗುತ್ತದೆ. ಆಗ ಟಗ್ (ಕಚ್ಚಿ ಎಳೆದಾಡುವ ಆಟಿಕೆ) ಎಳೆಸಿದರೆ ನೋಯುತ್ತದೆ, ನೋವಾದರೆ ಅರ್ಧ ಬಾಯಲ್ಲಿ ಹಿಡಿಯುವ ಚಾಳಿ ಬೀಳುತ್ತದೆ. ಬುಧವಾರ ಇದನ್ನೇ ಪಾಠ ಮಾಡಿ, ಮೆತ್ತನೆ ಗೋಣಿ ಬಟ್ಟೆಯನ್ನೂ ಬದಿಗಿಡಿಸಿ, ಓಡುವ ಆಟ ಮಾತ್ರ ಆಡಿಸುತ್ತಾರೆ. ಭಾನುವಾರ ಅದೇ ಗ್ರೌಂಡಿನಲ್ಲಿ ಏಳು ತಿಂಗಳೂ ತುಂಬದ ಜರ್ಮನ್ ಶೆಫರ್ಡ್ ಮರಿಯೊಂದನ್ನು ತೆಂಗಿನ ಮರಕ್ಕೆ ಕಟ್ಟಿ, ಎದುರಿಗೆ ಚಾಟಿ ಬೀಸುತ್ತಾ ಹುಡುಗ ಸ್ಲೀವ್ ಒಡ್ಡುತ್ತಿದ್ದ. ಮರಿಯ ಬಾಲ ಹೊಟ್ಟೆ ಕೆಳಗೆ, ಕಿವಿ ಹಿಂದಕ್ಕೆ, ಬೊಗಳು ಕೀಚಲು. ಮುಂದಿನ ಹಲ್ಲಿನಲ್ಲಿ ಒಂದು ಚೂರು ಕಚ್ಚಿ ಬಿಡುತ್ತಿತ್ತು, ಮತ್ತೆ ಕಚ್ಚಿ ಬಿಡುತ್ತಿತ್ತು. ಮರಿಯ ಯಜಮಾನರು ಖುಷಿಯಾಗಿ "ನೋಡಿ, ಎಷ್ಟು ಜೋರು!" ಅನ್ನುತ್ತಿದ್ದರು. ಅದು ಜೋರಲ್ಲ, ಭಯ. ಧೈರ್ಯ ಇರುವ ಮರಿ ದವಡೆ ಹಲ್ಲಿನ ತನಕ ಬಾಯಿ ತುಂಬ ಹಿಡಿದು, ಹಿಡಿದ ಮೇಲೆ ಸುಮ್ಮನಾಗುತ್ತದೆ. ಈ ವಯಸ್ಸಿನಲ್ಲಿ ಅದು ಬರೀ ಆಟ ಆಗಿರಬೇಕು, ಬೇಟೆಯ ಹಿಂದೆ ಓಡಿ ಗೆಲ್ಲುವ ಆಟ. ಕಚ್ಚುವ ಪರೀಕ್ಷೆಗೆ ಇನ್ನೂ ವರ್ಷದ ಹತ್ತಿರ ಇರುವಾಗ ಯಾಕೆ ಬೇಕು ಈ ಅವಸರ? ವಿಡಿಯೋಗೆ, ಇನ್ನೇನಕ್ಕೂ ಅಲ್ಲ. ಆ ಹುಡುಗನ ಹತ್ತಿರ ಹೇಳಿದೆ, ನಕ್ಕ. ಹಿರಿಯರಿಗೆ ಹೇಳಿದೆ, "ನೋಡ್ತೀನಿ ಮೇಡಂ" ಅಂದರು. ಇನ್ನೂ ನೋಡುತ್ತಲೇ ಇದ್ದಾರೆ.

ಎರಡನೇ ಕಿರಿಕಿರಿ, "ಒಂದು ತಿಂಗಳು ಇಲ್ಲೇ ಬಿಟ್ಟು ಹೋಗಿ, ರೆಡಿ ಮಾಡಿ ಕೊಡ್ತೀವಿ" ಅನ್ನುವ ಪ್ಯಾಕೇಜ್. ಕ್ಲಾಸಿನ ಫೀಸಿನ ಹತ್ತಿರ ಮೂರು ಪಟ್ಟು. ಕಾವಲು ನಾಯಿ ಬೇಕಾದವರಿಗೆ ಸರಿಯೋ ಏನೋ, ಈ ಆಟದಲ್ಲಿ ಮೈದಾನಕ್ಕೆ ಇಳಿಯಬೇಕಾದವಳು ನಾನು. ನಾಯಿ ನನ್ನ ಮುಖ ನೋಡಿಕೊಂಡು ನಡೆಯಬೇಕು, ನನ್ನ ಕೈಯ ಟಗ್‌ಗೆ ಆಸೆ ಪಡಬೇಕು. ಅವರ ಹತ್ತಿರ ರೆಡಿಯಾಗಿ ಬಂದರೆ ನನಗೇನು ಬಂತು? ಬೇಡ ಅಂದೆ. ಅಂದ ಮೇಲೆ ನನ್ನ ಕ್ಲಾಸಿನ ಟೈಮು ಬದಲಾಗುವುದು ಜಾಸ್ತಿಯಾಯಿತು. ಅಲ್ಲಿ ಬಿಟ್ಟಿರುವ ನಾಯಿಗಳಿಗೆ ಮೊದಲ ಮರ್ಯಾದೆ. ಎಳೆದರೆ ಕತ್ತು ಬಿಗಿಯುವ ಚೋಕ್ ಚೈನನ್ನು ಎಲ್ಲ ನಾಯಿಗಳಿಗೂ ಹಾಕಿಸುತ್ತಾರೆ, ನಾನು ಅಗಲದ ಬೆಲ್ಟೇ ಇರಲಿ ಅಂದಾಗ ಮಾತ್ರ ತಕರಾರು ಮಾಡಲಿಲ್ಲ. ಕೇಳಿದರೆ ಒಪ್ಪುತ್ತಾರೆ, ಕೇಳಬೇಕು ಅಷ್ಟೆ.

ಬಿಎಚ್‌ಗೆ ಬೇಕಾದ ರಸ್ತೆ ಅಭ್ಯಾಸ ಇಲ್ಲಿಲ್ಲ. ಜನರ ಮಧ್ಯೆ ನಡೆಯುವುದು, ಪಕ್ಕದಲ್ಲಿ ಸೈಕಲ್ ಹೋದರೂ ತಿರುಗದಿರುವುದು, ಕಟ್ಟಿಹಾಕಿ ನಾವು ಮರೆಯಾದಾಗ ಗಲಾಟೆ ಮಾಡದೆ ಕಾಯುವುದು, ಇದೆಲ್ಲ ನಮ್ಮ ಪಾಡಿಗೆ ನಾವೇ ಮಾಡಿಕೊಳ್ಳಬೇಕು. ನಾನು ರೈಲ್ವೆ ಸ್ಟೇಷನ್ ಹೊರಗಡೆ, ದೇವರಾಜ ಮಾರುಕಟ್ಟೆಯ ಸುತ್ತಮುತ್ತ ಬೆಳಿಗ್ಗೆ ಬೇಗ ಸುತ್ತಿಸುತ್ತೇನೆ. ಹೂವಿನ ಮೂಟೆ, ಆಟೋ ಹಾರ್ನ್, ಬೀದಿನಾಯಿ ಎಲ್ಲ ಒಟ್ಟಿಗೆ ಸಿಗುತ್ತದೆ, ಫೀಸೂ ಇಲ್ಲ.

ಸೇರುವವರು ಬುಧವಾರ, ಶುಕ್ರವಾರದ ಬ್ಯಾಚ್ ಕೇಳಿ, ಭಾನುವಾರ ಬೇಡವೇ ಬೇಡ. ಒಂದು ಕ್ಲಾಸನ್ನು ನಾಯಿ ಇಲ್ಲದೆ ಹೋಗಿ ನಿಂತು ನೋಡಿ, ಅದಕ್ಕೆ ಅಡ್ಡಿ ಮಾಡುವುದಿಲ್ಲ. ತೋಟದ ಅಂಚಿನ ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣೆ ಹುಳ ವಿಪರೀತ, ಉಣ್ಣೆಯಿಂದ ಬರುವ ಜ್ವರ ಮರಿಗಳನ್ನು ಹಣ್ಣು ಮಾಡಿಬಿಡುತ್ತದೆ, ಹಾಗಾಗಿ ಡಾಕ್ಟರ್ ಹತ್ತಿರ ಔಷಧಿ ಹಾಕಿಸಿಕೊಂಡೇ ಹೋಗಿ. ಮನೆಗೆ ಬಂದ ಮೇಲೆ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ನೋಡಿ. ನೀರು ನೀವೇ ತಗೊಂಡು ಹೋಗಿ, ಅಲ್ಲಿರುವ ತೊಟ್ಟಿ ಎಲ್ಲ ನಾಯಿಗೂ ಒಂದೇ. ಹೆಂಗಸರಿಗೆ ಟಾಯ್ಲೆಟ್ ಇಲ್ಲ, ಕೇಳಿದರೆ ಪಕ್ಕದ ತೋಟದ ಮನೆ ತೋರಿಸುತ್ತಾರೆ.