ಹೆಡ್‌ಫೋನಿನಲ್ಲಿ ತುಂಬಿ ಬರುವ ಪ್ಯಾಡ್ ಮೈಕ್‌ಸೆಟ್‌ನಲ್ಲಿ ಮಾಯ: ಪ್ಲಗಿನ್ ಕೊಳ್ಳುವ ಮುಂಚೆ ಓದಿ

ಮನೆಯ ಕಂಪ್ಯೂಟರಿನಲ್ಲೇ ಟ್ರ್ಯಾಕ್ ಮಾಡಿ ನಾಟಕಕ್ಕೆ, ಆರ್ಕೆಸ್ಟ್ರಾಕ್ಕೆ, ಜಾತ್ರೆ ಕಾರ್ಯಕ್ರಮಕ್ಕೆ ಕೊಡುವವರು ನಮ್ಮ ತುಮಕೂರು ಕಡೆ ಇದ್ದೀರಿ. ನಿಮಗಾಗಿಯೇ ಇದು. "ಒಂದೇ ನಾಬ್ ತಿರುಗಿಸಿ, ಸಿಂಥ್ ಸೌಂಡ್ ದಪ್ಪ ಆಗುತ್ತೆ" ಎಂದು ಮಾರುವ ಪ್ಲಗಿನ್‌ಗಳಿವೆ. (ಸಿಂಥ್ ಅಂದರೆ ಎಲೆಕ್ಟ್ರಾನಿಕ್ ಆಗಿ ಸ್ವರ ಹುಟ್ಟಿಸುವ ವಾದ್ಯ, ಪ್ಲಗಿನ್ ಅಂದರೆ ಸಂಗೀತದ ಸಾಫ್ಟ್‌ವೇರಿಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ.) ಅವನ್ನು ಮೋನೋದಲ್ಲಿ, ಅಂದರೆ ಎಡ, ಬಲ ಎರಡನ್ನೂ ಒಂದಾಗಿ ಕೂಡಿಸಿ, ಕೇಳದೆ ದುಡ್ಡು ಕೊಡಬೇಡಿ.

ಗುಬ್ಬಿ ಕಡೆಯ ಹಳ್ಳಿಯೊಂದರಲ್ಲಿ ಪೌರಾಣಿಕ ನಾಟಕ. ಹಾರ್ಮೋನಿಯಂ, ತಬಲಾ ಎದುರಿಗೇ ಇರುತ್ತೆ. ಕೃಷ್ಣನ ಪ್ರವೇಶಕ್ಕೆ ಮಾತ್ರ ಹಿಂದಿನಿಂದ ಒಂದು ದೊಡ್ಡ ಪ್ಯಾಡ್ (ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ಸಿಂಥ್ ಸ್ವರ) ಬೇಕು ಎಂದು ತಂಡದವರು ಕೇಳಿದ್ದರು. ಅಂಥದ್ದೇ ಒಂದು ಪ್ಲಗಿನ್ ಕೊಂಡು ಮಾಡಿಕೊಟ್ಟೆ. ಯಾವ ಸ್ಪೀಕರಿನಲ್ಲಾದರೂ ಇಷ್ಟೇ ದೊಡ್ಡದಾಗಿ ಕೇಳುತ್ತೆ ಎಂದು ಮಾರುವವರು ಬರೆದಿದ್ದರು. ಹೆಡ್‌ಫೋನಿನಲ್ಲಿ ನಿಜಕ್ಕೂ ಹಾಗೇ ಇತ್ತು, ಎರಡೂ ಕಿವಿಯ ಆಚೆಯಿಂದ ಸ್ವರ ತುಂಬಿಕೊಂಡು ಬರುತ್ತಿತ್ತು.

ರಾತ್ರಿ ಪರದೆ ಸರಿಯಿತು, ಕೃಷ್ಣ ಬಂದ, ಪ್ಯಾಡ್ ಬರಲಿಲ್ಲ. ಬಂದದ್ದು ಒಂದೇ ಒಂದು ಸಣಕಲು ಸ್ವರ. ಹಾರ್ಮೋನಿಯಂ ಮೇಷ್ಟ್ರು ನನ್ನ ಕಡೆ ತಿರುಗಿ "ಏನಪ್ಪಾ, ಸೌಂಡೇ ಇಲ್ವಲ್ಲ" ಎಂದವರೇ, ತಾವೇ ಷಡ್ಜ ಪಂಚಮ ಒತ್ತಿ ಹಿಡಿದು ಆ ಪ್ರವೇಶವನ್ನು ಉಳಿಸಿದರು. ಮೈಕ್‌ಸೆಟ್ ಹುಡುಗ ವಾಲ್ಯೂಮ್ ಜಾಸ್ತಿ ಮಾಡಿದ. ಸಣಕಲು ಸ್ವರ ಇನ್ನಷ್ಟು ಕಿರುಚಿತು, ಅಷ್ಟೇ. "ಅಣ್ಣ, ನಮ್ದು ಮೋನೋ. ಎಲ್ಲಾ ಬಾಕ್ಸಿಗೂ ಒಂದೇ ಲೈನು" ಎಂದ. ಅವನು ಮಾಡಿದ್ದು ಸರಿಯೇ. ಬಯಲಿನಲ್ಲಿ ಎಡಗಡೆ ಕೂತವರಿಗೆ ಎಡದ ಅರ್ಧ ಮಾತ್ರ ಕೇಳಿದರೆ ಯಾರಿಗೆ ಪ್ರಯೋಜನ?

ಮನೆಗೆ ಬಂದು ಆ ಟ್ರ್ಯಾಕನ್ನು ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಎಡ, ಬಲ ಅಂತ ಎರಡು ಟ್ರ್ಯಾಕ್ ಮಾಡಿದೆ. ಎರಡನ್ನೂ ನಡುವಿಗೆ ತಂದು ಕೂಡಿಸಿದರೆ ಅದೇ ಸಣಕಲು ಸ್ವರ. ಬಲದ ಟ್ರ್ಯಾಕಿನ ಫೇಸ್ ಬಟನ್ (ಸದ್ದಿನ ಅಲೆಯನ್ನು ತಲೆಕೆಳಗು ಮಾಡುವುದು) ಒತ್ತಿದೆ. ಸಣಕಲು ಸ್ವರ ಹೋಯಿತು, ಮಾಯವಾಗಿದ್ದ ಪ್ಯಾಡ್ ಪೂರ್ತಿ ಎದ್ದು ಬಂತು! ಅಂದರೆ ಗುಟ್ಟು ಇಷ್ಟೇ. ಆ ಪ್ಲಗಿನ್ ಮೂಲ ಸ್ವರವನ್ನು ನಡುವೆ ಇಟ್ಟು, ಡಿಟ್ಯೂನ್ ಮಾಡಿದ, ಅಂದರೆ ಶ್ರುತಿ ಸ್ವಲ್ಪ ಸರಿಸಿದ, ನಕಲನ್ನು ಎಡಕ್ಕೆ ನೇರವಾಗಿ, ಬಲಕ್ಕೆ ತಲೆಕೆಳಗು ಮಾಡಿ ಕಳಿಸುತ್ತದೆ. ಎಡ, ಬಲ ಒಂದಾದಾಗ ನಕಲು ನಕಲನ್ನೇ ತಿಂದುಹಾಕುತ್ತದೆ. ಮಾರಿದವರಿಗೆ ಇದನ್ನೆಲ್ಲ ವಿವರವಾಗಿ ಬರೆದೆ. "ಸ್ಟೀರಿಯೋದಲ್ಲೇ ಬಳಸಿ" ಎಂಬ ಉತ್ತರ ಬಂತು, ದುಡ್ಡು ವಾಪಸ್ ಬರಲಿಲ್ಲ.

ನಿಜವಾದ ಡಿಟ್ಯೂನ್ ಹೀಗೆ ಮಾಯವಾಗುವುದಿಲ್ಲ. ಮದುವೆ ಮನೆಯಲ್ಲಿ ಎರಡು ನಾದಸ್ವರ ಒಂದೇ ಸ್ವರ ಹಿಡಿದಾಗ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತದಲ್ವಾ, ಆ ತುಂಬು ಅಲ್ಲಿಂದಲೇ ಬರೋದು. ಸಿಂಥ್‌ನಲ್ಲಿ ಈ ವ್ಯತ್ಯಾಸವನ್ನು ಸೆಂಟ್‌ನಲ್ಲಿ ಅಳೆಯುತ್ತಾರೆ, ಅರ್ಧ ಸ್ವರಕ್ಕೆ 100 ಸೆಂಟ್. 440 ಹರ್ಟ್ಜ್‌ನ ಸ್ವರವನ್ನು 8 ಸೆಂಟ್ ಏರಿಸಿದರೆ ಸುಮಾರು 442 ಆಗುತ್ತದೆ. ಎರಡನ್ನೂ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಎರಡು ಸಲ ಸದ್ದು ಉಬ್ಬಿ ಇಳಿಯುತ್ತದೆ. 1996ರಲ್ಲಿ ಬಂದ ರೋಲ್ಯಾಂಡ್ ಜೆಪಿ-8000 ಸಿಂಥ್‌ನ ಸೂಪರ್‌ಸಾ ಇದೇ ದಾರಿ ಹಿಡಿದದ್ದು: ನಡುವೆ ಒಂದು ಗರಗಸದ ಅಲೆ, ಸುತ್ತ ಸ್ವಲ್ಪ ಸ್ವಲ್ಪ ಸರಿಸಿದ ಇನ್ನೂ ಆರು ಅಲೆ. ಪ್ರತಿಯೊಂದರ ಶ್ರುತಿಯೂ ಬೇರೆ. ಹಾಗಾಗಿ ಮೋನೋದಲ್ಲಿ ಅಗಲ ಕಡಿಮೆಯಾದರೂ ದಪ್ಪ ಉಳಿಯುತ್ತದೆ.

ಬಾಸ್‌ಗೆ ಮಾತ್ರ ಇದನ್ನು ಹಚ್ಚಬೇಡಿ. 55 ಹರ್ಟ್ಜ್‌ನಲ್ಲಿ ಅದೇ 8 ಸೆಂಟ್ ಅಂದರೆ ಕಾಲು ಹರ್ಟ್ಜ್. ನಾಲ್ಕು ಸೆಕೆಂಡಿಗೊಮ್ಮೆ ಬಾಸ್ ಬಂದು, ಮುಳುಗಿ, ಮತ್ತೆ ಬರುತ್ತದೆ. ತಬಲಾದವರ ಡಗ್ಗಾ ಜೊತೆ ಅದು ಹೊಂದುವುದೇ ಇಲ್ಲ. ಕೆಳಗಿನ ಸ್ವರಕ್ಕೆ ಒಂದೇ ಆಸಿಲೇಟರ್ (ಸಿಂಥ್‌ನಲ್ಲಿ ಸ್ವರ ಹುಟ್ಟಿಸುವ ಭಾಗ) ಇಡಿ, ಪೂರ್ತಿ ನಡುವೆ.

ದುಡ್ಡೇ ಕೊಡದೆ ಇದನ್ನೆಲ್ಲ ಮಾಡಬಹುದು. ಸರ್ಜ್ ಎಕ್ಸ್‌ಟಿ ಎಂಬ ಸಿಂಥ್ ಪ್ಲಗಿನ್ ಪೂರ್ತಿ ಉಚಿತ, ಅಂಥದ್ದೇ ಇನ್ನೊಂದು, ವೈಟಲ್‌ಗೂ ಉಚಿತ ಆವೃತ್ತಿ ಇದೆ. ಎರಡರಲ್ಲೂ ಯೂನಿಸನ್ ಧ್ವನಿಗಳನ್ನು (ಒಂದೇ ಸ್ವರವನ್ನು ಒಟ್ಟಿಗೆ ನುಡಿಸುವ ಡಿಟ್ಯೂನ್ ನಕಲುಗಳು) 16ರವರೆಗೆ ಏರಿಸಬಹುದು. ನನ್ನ ಅನುಭವದಲ್ಲಿ ಮೈಕ್‌ಸೆಟ್‌ಗೆ ಐದು, ಏಳು ಸಾಕು. ಅದಕ್ಕಿಂತ ಜಾಸ್ತಿ ಹಾಕಿದರೆ ಹಾಡುವವರ ಮಾತು ಮುಳುಗುತ್ತದೆ, ಹಳೆಯ ಲ್ಯಾಪ್‌ಟಾಪೂ ಏದುಸಿರು ಬಿಡುತ್ತದೆ.

ಯಾವುದನ್ನಾದರೂ ಕೊಳ್ಳಲೇಬೇಕು ಅನಿಸಿದರೆ ಡೆಮೋ ಕೊಡದವರ ಹತ್ತಿರ ಹೋಗಬೇಡಿ. ಡೆಮೋ ಸಿಕ್ಕಿದ ತಕ್ಷಣ ಮೋನೋ ಒತ್ತಿ. ರೀಪರ್‌ನ ಮಾಸ್ಟರ್ ಟ್ರ್ಯಾಕಿನಲ್ಲೇ ಆ ಬಟನ್ ಇದೆ, ಏಬಲ್ಟನ್ ಸಾಫ್ಟ್‌ವೇರಿನಲ್ಲಾದರೆ ಯುಟಿಲಿಟಿ ಎಂಬ ಎಫೆಕ್ಟಿನೊಳಗೆ. ಜೊತೆಗೆ ವಾಕ್ಸೆಂಗೋದ ಉಚಿತ ಕೊರಿಲೋಮೀಟರ್ ಹಾಕಿಕೊಳ್ಳಿ, ಎಡ, ಬಲ ಎಷ್ಟು ಹೊಂದುತ್ತವೆ ಎಂದು ಅದು ಗೆರೆಯಲ್ಲಿ ತೋರಿಸುತ್ತದೆ. ಗೆರೆ ಸೊನ್ನೆಯಿಂದ ಮೇಲೆ ಓಡಾಡುತ್ತಿದ್ದರೆ ಭಯವಿಲ್ಲ. ಕೆಳಗೆ ಇಳಿದು ಮೈನಸ್ ಕಡೆಯೇ ಕೂತರೆ ಎಷ್ಟು ಚೆಂದ ಕೇಳಿದರೂ ಬಿಟ್ಟುಬಿಡಿ. ಈಗಾಗಲೇ ಅಂಥ ಪ್ಲಗಿನ್ ಹಾಕಿ ಟ್ರ್ಯಾಕ್ ಕೊಟ್ಟಿದ್ದೀರಾ? ಕಾರ್ಯಕ್ರಮಕ್ಕೆ ಮುಂಚೆ ಮೈಕ್‌ಸೆಟ್‌ನವರಿಗೆ ಫೋನ್ ಮಾಡಿ "ಎಡದ ಚಾನೆಲ್ ಒಂದನ್ನೇ ಎಲ್ಲ ಬಾಕ್ಸಿಗೂ ಕೊಡಿ" ಎಂದು ಹೇಳಿ. ಅಗಲ ಇರುವುದಿಲ್ಲ, ಆದರೆ ಪ್ಯಾಡ್ ಕೇಳಿಸುತ್ತದೆ.